ಚೊಚ್ಚಲ ಹೆರಿಗೆಯ ಹೆದರಿಕೆ: ಯಾವುದಕ್ಕೆ ಭಯ, ಅದಕ್ಕೇನು ದಾರಿ

ಮೊದಲ ಸಲ ಬಸುರಿಯಾದವಳು "ಭಯ ಆಗ್ತಿದೆ" ಅಂದರೆ ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, "ನಾವೆಲ್ಲ ಹೆತ್ತಿಲ್ವಾ, ಧೈರ್ಯವಾಗಿರು." ಇನ್ನೊಂದು, ಯಾರದೋ ಹೆರಿಗೆ ಮೂರು ದಿನ ಎಳೆದ ಕಥೆ. ಮೊದಲನೆಯದು ಅವಳ ಬಾಯಿ ಮುಚ್ಚಿಸುತ್ತದೆ, ಎರಡನೆಯದು ರಾತ್ರಿ ನಿದ್ದೆ ಕೆಡಿಸುತ್ತದೆ. ಯಾವುದಕ್ಕೆ ಭಯ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಿದರೆ ಬರುವ ಉತ್ತರ ಒಬ್ಬೊಬ್ಬಳದು ಒಂದೊಂದು. ಒಬ್ಬಳಿಗೆ ನೋವಿನ ಭಯ. ಮತ್ತೊಬ್ಬಳಿಗೆ ಹೊಲಿಗೆಯದು. ಇನ್ನೊಬ್ಬಳಿಗೆ ನೋವು ಲೆಕ್ಕಕ್ಕೇ ಇಲ್ಲ, ಗುರುತಿಲ್ಲದವರ ಮುಂದೆ ಬಟ್ಟೆಯಿಲ್ಲದೆ ಮಲಗುವುದೇ ದೊಡ್ಡ ಸಂಕಟ. ನರ್ಸ್ ಬೈದರೆ ಅಂತ ಒಬ್ಬಳು, ಕೊನೆಗಳಿಗೆಯಲ್ಲಿ ಸಿಸೇರಿಯನ್ ಅಂದರೆ ಅಂತ ಒಬ್ಬಳು, ನಾನು ಉಳಿಯದಿದ್ದರೆ ಅಂತ ಇನ್ನೊಬ್ಬಳು. ಇವುಗಳಲ್ಲಿ ಕೆಲವಕ್ಕೆ ಮಾಹಿತಿ ಸಾಕು, ಕೆಲವಕ್ಕೆ ಅಭ್ಯಾಸ ಬೇಕು, ಕೆಲವಕ್ಕೆ ಆಸ್ಪತ್ರೆಯ ಜೊತೆ ಮೊದಲೇ ಮಾತಾಡಿಕೊಳ್ಳಬೇಕು, ಕೆಲವಕ್ಕೆ ಚಿಕಿತ್ಸೆಯೇ ಬೇಕು. ಎಲ್ಲಕ್ಕೂ "ಧೈರ್ಯ ತಗೋ" ಅನ್ನುವುದು ಯಾವ ಜ್ವರ ಎಂದು ನೋಡದೆ ಒಂದೇ ಮಾತ್ರೆ ಕೊಟ್ಟ ಹಾಗೆ.

ಹಾಗಾಗಿ ಏಳನೇ ತಿಂಗಳು ಹಿಡಿಯುವ ಹೊತ್ತಿಗೆ ಒಂದು ಹಾಳೆ ತೆಗೆದುಕೊಂಡು ಭಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. "ಹೆರಿಗೆ ಭಯ" ಅಂತ ಬರೆದರೆ ಉಪಯೋಗವಿಲ್ಲ. "ಕೇಳದೇ ಕೊಯ್ದುಬಿಡುತ್ತಾರೆ", "ರಾತ್ರಿ ನೋವು ಬಂದರೆ ಗಾಡಿ ಸಿಗುವುದಿಲ್ಲ" ಎನ್ನುವಷ್ಟು ಬಿಡಿಬಿಡಿಯಾಗಿರಲಿ. ಪಕ್ಕದಲ್ಲಿ ಅದು ಯಾರ ಕೆಲಸ ಎಂದು ಬರೆಯಿರಿ: ಡಾಕ್ಟರನ್ನು ಕೇಳುವುದು, ಗಂಡ ಏರ್ಪಾಡು ಮಾಡುವುದು, ತಾನೇ ಅಭ್ಯಾಸ ಮಾಡುವುದು. ಗಾಡಿಯ ಭಯಕ್ಕೆ ಧೈರ್ಯ ಬೇಕಿಲ್ಲ. 108 ಇದೆ, ಅದು ತಡವಾದರೆ ಬರುವ ಆಟೋದವರ ನಂಬರು ಇಬ್ಬರ ಫೋನಿನಲ್ಲಿರಬೇಕು, ಅಷ್ಟೇ.

ಒಂಬತ್ತನೇ ತಿಂಗಳ ತನಕ ಕಾಯಬಾರದು. ನಮ್ಮಲ್ಲಿ ಸೀಮಂತ ಮುಗಿಸಿ ತವರಿಗೆ ಹೋಗುವ ರೂಢಿಯಿದೆ. ಅಷ್ಟು ತಿಂಗಳು ನೋಡಿದ ಡಾಕ್ಟರ್ ಬೆಂಗಳೂರಿನಲ್ಲಿ ಉಳಿಯುತ್ತಾರೆ, ಹೆರಿಗೆ ಶಿವಮೊಗ್ಗದಲ್ಲೋ ಗದಗಿನಲ್ಲೋ. ಅಲ್ಲಿನ ಡಾಕ್ಟರಿಗೆ ಇವಳು ಹೊಸಬಳು, ಇವಳಿಗೆ ಆ ಆಸ್ಪತ್ರೆ ಹೊಸದು. ತವರಿಗೆ ಹೋದ ಮೊದಲ ವಾರದಲ್ಲೇ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟುಗಳನ್ನು ಹಿಡಿದುಕೊಂಡು ಹೋಗಿ ಹೆರಿಗೆ ವಾರ್ಡನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ, ಮಂಚ ಎಲ್ಲಿ, ಪರದೆ ಇದೆಯಾ, ಶೌಚಾಲಯ ಎಷ್ಟು ದೂರ. ಕಣ್ಣಾರೆ ನೋಡಿದ ಕೋಣೆ, ಮನಸ್ಸಿನಲ್ಲಿ ಕಲ್ಪಿಸಿಕೊಂಡ ಕೋಣೆಯಷ್ಟು ಭಯಂಕರವಾಗಿರುವುದು ಅಪರೂಪ.

ಈಗ ನೋವಿನ ವಿಷಯ. ಆ "ಮೂರು ದಿನ ನೋವು ತಿಂದೆ" ಅನ್ನುವ ಮಾತು ಸುಳ್ಳೇನಲ್ಲ, ಆದರೆ ಅದರಲ್ಲಿ ಎರಡು ಬೇರೆಬೇರೆ ಘಟ್ಟ ಕಲಸಿಹೋಗಿವೆ. ಗರ್ಭಕೋಶದ ಬಾಯಿ ಮೆತ್ತಗಾಗಿ, ತೆಳುವಾಗಿ, ಐದು ಸೆಂಟಿಮೀಟರ್ ತೆರೆಯುವವರೆಗಿನದು ಆರಂಭದ ಘಟ್ಟ. ಚೊಚ್ಚಲಿಗೆ ಇದು ಕೆಲವು ಗಂಟೆಯೂ ಇರಬಹುದು, ಒಂದೆರಡು ದಿನ ಬಂದು ಹೋಗಿ ಮಾಡಲೂಬಹುದು. ಇದಕ್ಕೆ ಇಷ್ಟೇ ಹೊತ್ತು ಎಂಬ ಗಡಿಯಿಲ್ಲ. ಈ ಹೊತ್ತಿನಲ್ಲಿ ಊಟ ಮಾಡಬಹುದು, ಸ್ನಾನ ಮಾಡಬಹುದು, ನಡುನಡುವೆ ನಿದ್ದೆಯೂ ಬರುತ್ತದೆ. ಐದರಿಂದ ಹತ್ತು ಸೆಂಟಿಮೀಟರಿನದು ಬಿರುಸಿನ ಘಟ್ಟ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಚೊಚ್ಚಲಿನಲ್ಲಿ ಇದು ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಆಮೇಲಿನ ಮುಕ್ಕುವ, ಅಂದರೆ ಮಗುವನ್ನು ಹೊರಕ್ಕೆ ತಳ್ಳುವ ಘಟ್ಟ ಸಾಮಾನ್ಯವಾಗಿ 3 ಗಂಟೆಯೊಳಗೆ ಮುಗಿಯುತ್ತದೆ.

ಇನ್ನೊಂದು ಸಂಗತಿ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಲೆಕ್ಕಕ್ಕೆ ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್ 1955ರಲ್ಲಿ ಪ್ರಕಟಿಸಿದ ಹೆರಿಗೆಯ ರೇಖಾಚಿತ್ರವೇ ಮೂಲ. ಎಷ್ಟೋ ಹೆಂಗಸರಿಗೆ ಅದಕ್ಕಿಂತ ನಿಧಾನವಾಗಿಯೇ ಬಾಯಿ ತೆರೆಯುತ್ತದೆ, ನಿಧಾನ ಎಂಬ ಒಂದೇ ಕಾರಣಕ್ಕೆ ಕೈಹಾಕಬೇಕಿಲ್ಲ ಎಂದು ಅದೇ 2018ರ ಮಾರ್ಗಸೂಚಿ ಹೇಳಿದೆ. ನಮ್ಮ ಹೆರಿಗೆ ಕೋಣೆಗಳಲ್ಲಿ "ಎರಡು ಬೆರಳು ಆಗಿದೆ" ಎಂದು ಬೆರಳ ಲೆಕ್ಕವೂ ನಡೆಯುತ್ತದೆ. ಒಂದು ಬೆರಳೆಂದರೆ ಅಂದಾಜು ಒಂದೂವರೆಯಿಂದ ಎರಡು ಸೆಂಟಿಮೀಟರ್. "ಇನ್ನೂ ಎರಡೇ ಬೆರಳು" ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಕುಸಿಯಬೇಕಿಲ್ಲ. ಮೊದಲರ್ಧ ನಿಧಾನ, ಆಮೇಲೆ ವೇಗ ಹೆಚ್ಚುತ್ತದೆ.

ಬಿರುಸಿನ ಘಟ್ಟದಲ್ಲೂ ನೋವು ಸತತವಾಗಿರುವುದಿಲ್ಲ. ಹತ್ತು ನಿಮಿಷಕ್ಕೆ ಮೂರರಿಂದ ನಾಲ್ಕು ಬೇನೆ, ಒಂದೊಂದು 45ರಿಂದ 60 ಸೆಕೆಂಡು. ಅಂದರೆ ಹತ್ತು ನಿಮಿಷದಲ್ಲಿ ಕಡಿಮೆಯೆಂದರೂ ಆರು ನಿಮಿಷ ಬಿಡುವು. ಒಂದು ಬೇನೆಯೊಳಗೂ ಮೊದಲ ಇಪ್ಪತ್ತು ಮೂವತ್ತು ಸೆಕೆಂಡು ಏರು, ತುದಿಯಲ್ಲಿ ಸ್ವಲ್ಪ ಹೊತ್ತು, ಮತ್ತೆ ಇಳಿತ. ಬಿಡುವಿನಲ್ಲಿ ಮುಂದಿನ ಬೇನೆಯನ್ನು ನೆನೆದು ಮೈ ಬಿಗಿಹಿಡಿದು ಕೂತವಳು ಹತ್ತೂ ನಿಮಿಷ ನರಳುತ್ತಾಳೆ. ಕಲಿಯಬೇಕಾದ ವಿದ್ಯೆ ಇರುವುದು ಈ ಬಿಡುವಿನಲ್ಲೇ: ಭುಜ ಇಳಿಬಿಟ್ಟು, ಹಲ್ಲು ಸಡಿಲಿಸಿ, ಎರಡು ಗುಟುಕು ನೀರು ಕುಡಿದು, ಕಣ್ಣು ಮುಚ್ಚುವುದು.

ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಮತ್ತೆ ಹೆದರಿಕೆ ಎಂದು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಸುಮಾರು ತೊಂಬತ್ತು ವರ್ಷದ ಹಿಂದೆಯೇ ವಾದಿಸಿದ್ದರು. ಭಯದಲ್ಲಿ ಏರುವ ಅಡ್ರಿನಲಿನ್, ಗರ್ಭಕೋಶ ಹಿಂಡಿಸುವ ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡಬರುತ್ತದೆ. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ಬೇನೆ ಆಸ್ಪತ್ರೆ ಬಾಗಿಲಿಗೆ ಬಂದ ಕೂಡಲೇ ನಿಂತುಹೋಗಲು ಇದೂ ಒಂದು ಕಾರಣ. ಇದನ್ನು ಯಾರೂ "ನೀನು ಹೆದರಿದ್ದಕ್ಕೇ ಹೆರಿಗೆ ತಡವಾಯಿತು" ಎಂಬ ಚುಚ್ಚುಮಾತಾಗಿ ಬಳಸಬಾರದು. ಮಗುವಿನ ತಲೆ ಕೂತ ರೀತಿ, ತೂಕ, ಬೇನೆಯ ಬಲ ಎಲ್ಲವೂ ಸೇರಿ ಹೆರಿಗೆಯ ಹೊತ್ತು ನಿರ್ಧಾರವಾಗುತ್ತದೆ.

ಉಸಿರಾಟವನ್ನು ಮನೆಯಲ್ಲೇ ರೂಢಿಸಿಕೊಳ್ಳಬೇಕು. ಹೆರಿಗೆ ಕೋಣೆಯಲ್ಲಿ ಹೊಸದಾಗಿ ಕಲಿಯಲಾಗುವುದಿಲ್ಲ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಯಿಂದ ಆರೋ ಏಳೋ ಎಣಿಸುವಷ್ಟು ಹೊರಗೆ. ಅಂಗೈಯಲ್ಲಿ ಐಸ್ ತುಂಡು ಹಿಡಿದು ಒಂದು ನಿಮಿಷ ಹೀಗೆ ಉಸಿರಾಡಿ, ಐಸ್ ಕೆಳಗಿಟ್ಟು ಮೂರು ನಿಮಿಷ ಮೈ ಸಡಿಲ ಬಿಡಿ, ಮತ್ತೆ ಹಿಡಿಯಿರಿ. ದಿನಕ್ಕೆ ನಾಲ್ಕೈದು ಸುತ್ತು ಸಾಕು. ಐಸಿನ ಉರಿಗೂ ಹೆರಿಗೆ ಬೇನೆಗೂ ಹೋಲಿಕೆಯಿಲ್ಲ, ನಿಜ. ಅಹಿತವಾದಾಗ ಉಸಿರು ಬಿಗಿಹಿಡಿಯುವ ಅಭ್ಯಾಸ ಬಿಟ್ಟುಹೋಗಲಿ ಎಂಬುದಷ್ಟೇ ಉದ್ದೇಶ. ಪಕ್ಕದಲ್ಲಿ ಇರುವವರೂ ಇದನ್ನು ಕಲಿಯಲಿ, ಏಕೆಂದರೆ ಆ ಹೊತ್ತಿಗೆ ಅವಳು ಮರೆಯುತ್ತಾಳೆ, ಜೊತೆಗಿದ್ದವರು ತಾವೇ ಗಟ್ಟಿಯಾಗಿ ಉಸಿರಾಡಿ ತೋರಿಸಬೇಕಾಗುತ್ತದೆ. ಇಲ್ಲಿ ಆಗುವ ತಪ್ಪು ಒಂದೇ, ಏದುಸಿರು. ವೇಗವಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ, ತಲೆ ಸುತ್ತುತ್ತದೆ, ಏನೋ ಆಗಿಹೋಯಿತು ಅಂತ ಇನ್ನಷ್ಟು ಗಾಬರಿಯಾಗುತ್ತದೆ. ಹೊರಹಾಕುವ ಉಸಿರನ್ನು ಉದ್ದ ಮಾಡಿದರೆ ಸರಿಹೋಗುತ್ತದೆ.

ಎಂಟರಿಂದ ಹತ್ತು ಸೆಂಟಿಮೀಟರಿನ ನಡುವೆ ಒಂದು ಕಷ್ಟದ ಹೊತ್ತು ಬರುತ್ತದೆ. ಮೈ ನಡುಗಬಹುದು, ವಾಂತಿಯಾಗಬಹುದು, ಕಾಲು ತಣ್ಣಗಾಗಬಹುದು. "ನನ್ನ ಕೈಲಾಗಲ್ಲ, ಆಪರೇಷನ್ ಮಾಡಿಬಿಡಿ" ಎಂದು ಎಷ್ಟೋ ಹೆಂಗಸರು ಕೂಗುವುದು ಆಗಲೇ. ಮೊದಲೇ ಗೊತ್ತಿದ್ದರೆ ಆ ಮಾತು ಬಾಯಿಗೆ ಬಂದಾಗ ಮುಗಿಯುತ್ತ ಬಂತು ಎಂದು ಜೊತೆಗಿದ್ದವರಾದರೂ ಹೇಳಬಹುದು. ಆಮೇಲೆ ಮಲವಿಸರ್ಜನೆಗೆ ಹೋಗಬೇಕು ಅನ್ನಿಸುತ್ತದೆ. ಮಗುವಿನ ತಲೆ ಗುದನಾಳವನ್ನು ಒತ್ತುವುದರಿಂದ ಹಾಗೆ. ಎದ್ದು ಹೋಗುವ ಮೊದಲು ನರ್ಸ್‌ಗೆ ಹೇಳಿ. ಮುಕ್ಕುವಾಗ ಸ್ವಲ್ಪ ಮಲ ಹೋಗುವುದೂ ಸಹಜ. ನಾಚಿಕೆಯಿಂದ ಬಿಗಿಹಿಡಿದರೆ ಮುಕ್ಕಲು ಆಗುವುದಿಲ್ಲ. ಸಿಬ್ಬಂದಿ ಅದನ್ನು ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ, ಅವರಿಗೆ ಅದು ದಿನನಿತ್ಯದ್ದು.

ನೋವು ಕಡಿಮೆ ಮಾಡುವ ಔಷಧಿ ಬೇಕೆನ್ನುವುದು ಸೋಲು ಅಂತ ಯಾರು ಹೇಳಿಕೊಟ್ಟರೋ. ಎಪಿಡ್ಯೂರಲ್ ಇವುಗಳಲ್ಲಿ ಹೆಚ್ಚು ಪರಿಣಾಮಕಾರಿ. ಸೊಂಟದ ಹತ್ತಿರ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟು, ಬೆನ್ನುಮೂಳೆಗಳ ನಡುವೆ ಸೂಜಿ ಹಾಕಿ, ಅದರೊಳಗಿಂದ ದಾರದಷ್ಟು ಸಪೂರ ಕೊಳವೆ ಇಳಿಸಿ, ಸೂಜಿಯನ್ನು ಹೊರತೆಗೆಯುತ್ತಾರೆ. ಬೆನ್ನಿನಲ್ಲಿ ಉಳಿಯುವುದು ಕೊಳವೆ ಮಾತ್ರ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತದೆ. ಹಾಕುವಾಗ ಬೆನ್ನು ಬಿಲ್ಲಿನಂತೆ ಬಾಗಿಸಿ ಅಲ್ಲಾಡದೆ ಕೂರಬೇಕು. ಬೇನೆ ಬಂದರೆ ಬಾಯಿಬಿಟ್ಟು ಹೇಳಿ, ಅವರು ನಿಲ್ಲುತ್ತಾರೆ. ಬಿಪಿ ಇಳಿಯುವುದು, ಮೈ ತುರಿಕೆ, ನಡುಕ, ಮೂತ್ರ ಕಟ್ಟುವುದು ಆಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಕೂತರೆ ಹೆಚ್ಚಾಗುವ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಮುಕ್ಕುವ ಘಟ್ಟ ತುಸು ಉದ್ದವಾಗಬಹುದು, ಆದರೆ ಸಿಸೇರಿಯನ್ ಸಂಭವ ಹೆಚ್ಚುವುದಿಲ್ಲ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು ಎಂಬ ಮಾತಿಗೂ ಅಧ್ಯಯನಗಳ ಬೆಂಬಲವಿಲ್ಲ. ಬಾಣಂತಿಯರ ಬೆನ್ನುನೋವು ಸೂಜಿ ಹಾಕಿಸಿಕೊಳ್ಳದವರಲ್ಲೂ ಅಷ್ಟೇ ಇರುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪ್ಲೇಟ್‌ಲೆಟ್ ತೀರಾ ಕಡಿಮೆಯಿರುವವರು ಮೊದಲೇ ಹೇಳಬೇಕು.

ನಮ್ಮಲ್ಲಿ ಅಡಚಣೆ ಬೇರೆ. ತಾಲ್ಲೂಕು ಮಟ್ಟದ ಎಷ್ಟೋ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ಸಿಸೇರಿಯನ್‌ಗೆಂದು ಕರೆದಾಗ ಬರುತ್ತಾರೆ, ಸಹಜ ಹೆರಿಗೆಯ ನೋವು ನೋಡಿಕೊಳ್ಳಲು ರಾತ್ರಿಯಿಡೀ ಇರುವುದಿಲ್ಲ. "ಎಪಿಡ್ಯೂರಲ್ ಇದೆಯಾ?" ಎಂದು ಕೇಳಿದರೆ ಸಾಲದು, "ರಾತ್ರಿ ಎರಡು ಗಂಟೆಗೂ ಸಿಗುತ್ತದಾ?" ಎಂದು ಕೇಳಬೇಕು. ಇಲ್ಲವೆಂದರೆ ಬೇರೆ ಏನಿದೆ ಎಂದು ತಿಳಿದುಕೊಳ್ಳಿ: ಕೆಲವೆಡೆ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಸಮಸಮ ಬೆರೆಸಿದ ಗ್ಯಾಸ್ ಇರುತ್ತದೆ, ಹಲವೆಡೆ ಟ್ರಮಡಾಲ್‌ನಂಥ ಇಂಜೆಕ್ಷನ್ ಕೊಡುತ್ತಾರೆ. ಗ್ಯಾಸನ್ನು ಬೇನೆ ಶುರುವಾದ ಕ್ಷಣದಿಂದಲೇ ಎಳೆದುಕೊಳ್ಳಬೇಕು. ತುದಿ ಮುಟ್ಟಿದ ಮೇಲೆ ಎಳೆದರೆ ಅದು ಹಿಡಿಯುವ ಹೊತ್ತಿಗೆ ಬೇನೆ ಇಳಿದಿರುತ್ತದೆ. ಡ್ರಿಪ್ ಹಾಕುವಾಗ ಅದು ನೋವು ಬರಿಸುವುದಕ್ಕೋ ನೋವು ಕಡಿಮೆ ಮಾಡುವುದಕ್ಕೋ ಎಂದು ಕೇಳುವ ಹಕ್ಕು ಇದೆ, ಕೇಳಿ. ಔಷಧಿ ಏನೂ ಇಲ್ಲದಿದ್ದರೂ ಓಡಾಟ ಇದೆ. ಮಂಚದ ಮೇಲೆ ಅಂಗಾತ ಮಲಗುವುದಕ್ಕಿಂತ ನಿಂತು, ನಡೆದು, ಗೋಡೆಗೊರಗಿ ಇದ್ದರೆ ಮೊದಲ ಘಟ್ಟ ಒಂದು ಗಂಟೆಗೂ ಹೆಚ್ಚು ಬೇಗ ಮುಗಿಯುತ್ತದೆಂದು ಅಧ್ಯಯನಗಳನ್ನು ಕ್ರೋಡೀಕರಿಸಿದ ವಿಶ್ಲೇಷಣೆ ಹೇಳುತ್ತದೆ. ಬೆನ್ನ ಕಡೆಯೇ ನೋವು ಜಾಸ್ತಿಯಿದ್ದರೆ ಮಂಡಿ ಮತ್ತು ಅಂಗೈ ಊರಿ ನಿಲ್ಲುವುದು, ಬೇನೆ ಬಂದಾಗ ಜೊತೆಗಿದ್ದವರು ಸೊಂಟದ ಕೆಳಗಿನ ಮೂಳೆಯನ್ನು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯುವುದು ಹಿತ ಕೊಡುತ್ತದೆ.

ಜೊತೆಗೆ ಯಾರಿರುತ್ತಾರೆ ಎಂಬುದು ಔಷಧಿಯಷ್ಟೇ ಮುಖ್ಯ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರು ಮಾಡಿಸಿದ ಸಾವಿರಾರು ಹೆರಿಗೆಗಳ ಲೆಕ್ಕ ಎಲ್ಲರ ಬಾಯಲ್ಲಿತ್ತು. ಸೂಲಗಿತ್ತಿಯರ ಇನ್ನೊಂದು ಕೆಲಸದ ಬಗ್ಗೆ ಮಾತು ಬರುವುದು ಕಡಿಮೆ: ಬೇನೆ ಶುರುವಾದಾಗ ಬಂದು ಕೂತವರು ಮಾಸು ಬೀಳುವ ತನಕ ಬಸುರಿಯನ್ನು ಬಿಟ್ಟು ಏಳುತ್ತಿರಲಿಲ್ಲ. ಆಸ್ಪತ್ರೆ ಹೆರಿಗೆಯಿಂದ ಜೀವಗಳು ಉಳಿದವು, ಆದರೆ ಆ ಒತ್ತಾಸೆ ಹೊರಗಿನ ಬೆಂಚಿನಲ್ಲೇ ಉಳಿಯಿತು. 17 ದೇಶಗಳ 26 ಅಧ್ಯಯನಗಳನ್ನು, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 2017ರ ವಿಶ್ಲೇಷಣೆಯಲ್ಲಿ, ಉದ್ದಕ್ಕೂ ಒಬ್ಬರು ಜೊತೆಗಿದ್ದ ಹೆಂಗಸರಿಗೆ ಸಿಸೇರಿಯನ್ ಕಡಿಮೆ, ಹೆರಿಗೆ ಬೇಗ, ಹೆರಿಗೆಯ ಬಗ್ಗೆ ಕಹಿಯೂ ಕಡಿಮೆ ಎಂದು ಕಂಡುಬಂತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಒಬ್ಬ ಸಂಗಾತಿಯನ್ನು ಬಿಡಬಹುದೆಂದು ಹೇಳಿದೆ: ತಾನೂ ಹೆತ್ತ ಅನುಭವವಿರುವ ಹೆಂಗಸು, ಪರದೆಯ ಏರ್ಪಾಡಿದ್ದರೆ ಗಂಡನೂ ಆಗಬಹುದು. ವಾರ್ಡಿನ ಬಾಗಿಲಲ್ಲಿ ತಡೆದರೆ ಈ ವಿಷಯ ತಿಳಿದಿರುವುದು ಉಪಯೋಗಕ್ಕೆ ಬರುತ್ತದೆ, ಆದರೆ ಅಲ್ಲಿ ವಾದಕ್ಕಿಳಿಯುವ ಬದಲು 36ನೇ ವಾರದಲ್ಲೇ ಡಾಕ್ಟರಿಂದ ಒಪ್ಪಿಗೆ ಪಡೆದು ಕಾರ್ಡಿನ ಮೇಲೆ ಬರೆಸಿಕೊಂಡಿರುವುದು ಜಾಣತನ. ಯಾರನ್ನು ಆರಿಸಬೇಕು? ಸಂಬಂಧ ದೊಡ್ಡದಲ್ಲ, ಸ್ವಭಾವ ದೊಡ್ಡದು. ಮಗಳ ನೋವು ಕಂಡು ತಾನೇ ಅಳುವ ಅಮ್ಮನಿಗಿಂತ ಸಮಾಧಾನದ ಚಿಕ್ಕಮ್ಮನೋ ಅತ್ತಿಗೆಯೋ ವಾಸಿ.

ಬೈಗುಳದ ಭಯಕ್ಕೂ ಇದೇ ದೊಡ್ಡ ಮದ್ದು. ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದರೆ ನಾಲಿಗೆಗಳು ಹದಕ್ಕೆ ಬರುತ್ತವೆ. ಬಾಯಿ ಎಷ್ಟು ತೆರೆದಿದೆ ಎಂದು ಬೆರಳಿಟ್ಟು ನೋಡುವ ಒಳಪರೀಕ್ಷೆಯ ಬಗ್ಗೆ ಹೇಳುವುದಾದರೆ, ಬಿರುಸಿನ ಘಟ್ಟದಲ್ಲಿ ನಾಲ್ಕು ಗಂಟೆಗೊಮ್ಮೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೋಧನಾ ಆಸ್ಪತ್ರೆಗಳಲ್ಲಿ ಒಬ್ಬರಾದ ಮೇಲೊಬ್ಬರು ಬಂದರೆ "ಈಗಷ್ಟೇ ನೋಡಿದರು, ಎಷ್ಟಾಗಿದೆ ಎಂದು ಅವರನ್ನೇ ಕೇಳಿ" ಅನ್ನಬಹುದು. ಪರೀಕ್ಷೆಯ ಹೊತ್ತಿಗೆ ಬೇನೆ ಬಂದರೆ "ಸ್ವಲ್ಪ ತಡೀರಿ" ಅನ್ನಬಹುದು. ಕಾಲು ಸಡಿಲ ಬಿಟ್ಟು ಹಿಮ್ಮಡಿ ಜೋಡಿಸಿ, ಉಸಿರು ಹೊರಬಿಡುತ್ತಿರುವಾಗ ಮಾಡಿಸಿಕೊಂಡರೆ ನೋವು ಕಡಿಮೆ. ಹಿಂದೆ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಈ ಪರೀಕ್ಷೆ ಬೇರೆಯದೇ ಹಿಂಸೆ. ವಿವರ ಹೇಳಬೇಕಾಗಿಲ್ಲ, "ಒಳಪರೀಕ್ಷೆ ನನಗೆ ತುಂಬ ಕಷ್ಟ, ಮುಟ್ಟುವ ಮೊದಲು ಹೇಳಿ" ಎಂದು ಡಾಕ್ಟರ್ ಹತ್ತಿರ ಮೊದಲೇ ಹೇಳಿಟ್ಟರೆ ಸಾಕು.

ಹೊಲಿಗೆ. ಚೊಚ್ಚಲು ಅಂದರೆ ಮಗು ಹೊರಬರಲು ಯೋನಿಯ ಬಾಯಿಯನ್ನು ಕೊಯ್ಯಲೇಬೇಕು ಎಂಬ ನಿಯಮವಿಲ್ಲ, ಎಲ್ಲರಿಗೂ ರೂಢಿಯಂತೆ ಕೊಯ್ಯುವುದು ಬೇಡವೆಂದೇ ಈಗಿನ ಸಲಹೆ. ಮಗುವಿನ ಎದೆಬಡಿತ ಇಳಿದು ಬೇಗ ಹೊರತೆಗೆಯಬೇಕಾದಾಗ, ಮಗುವಿನ ತಲೆ ಹಿಡಿದು ಹೊರತೆಗೆಯುವ ಇಕ್ಕಳ (ಫೋರ್ಸೆಪ್ಸ್) ಹಾಕುವಾಗ ಬೇಕಾಗಬಹುದು. ಆಗ ಮರಗಟ್ಟಿಸಿ, ಓರೆಯಾಗಿ ಕೊಯ್ಯುತ್ತಾರೆ. ಕೊಯ್ಯದಿದ್ದರೂ ಚೊಚ್ಚಲಿನಲ್ಲಿ ಅಲ್ಪಸ್ವಲ್ಪ ಹರಿಯುವುದು ಸಾಮಾನ್ಯ. 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳನ್ನು ಮೂರು ನಾಲ್ಕು ಸೆಂಟಿಮೀಟರ್ ಒಳಗಿಟ್ಟು, ಗುದದ್ವಾರದ ಕಡೆಗೆ ಮತ್ತು ಪಕ್ಕಗಳಿಗೆ ಐದು ನಿಮಿಷ ಒತ್ತಿ ನೀವಿದರೆ ಚೊಚ್ಚಲು ತಾಯಂದಿರಿಗೆ ಹೊಲಿಗೆಯ ಸಂಭವ ತುಸು ಇಳಿಯುತ್ತದೆ. ಸೋಂಕು, ರಕ್ತಸ್ರಾವ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಬಂದವರು, ನೀರು ಒಡೆದವರು ಇದನ್ನು ಮಾಡಬಾರದು. ತಲೆ ಕಾಣಿಸಿದಾಗ "ಮುಕ್ಕಬೇಡ, ಉಫ್ ಉಫ್ ಅಂತ ಊದು" ಎಂದು ಹೇಳುತ್ತಾರಲ್ಲ, ಅದು ತಲೆ ನಿಧಾನಕ್ಕೆ ಬಂದು ಚರ್ಮ ಹಿಗ್ಗಲಿ ಎಂದು. ಆ ಒಂದೆರಡು ನಿಮಿಷ ಅವರ ಮಾತು ಕೇಳಿದರೆ ಹೊಲಿಗೆ ಉಳಿಯಬಹುದು.

ಸಿಸೇರಿಯನ್ ಬಗ್ಗೆ ಕಣ್ಣು ಮುಚ್ಚಿಕೊಳ್ಳುವುದು ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. "ನನಗಂತೂ ಸಿಸೇರಿಯನ್ ಆಗೋದಿಲ್ಲ" ಎಂದು ನಂಬಿಕೊಂಡು ಹೋದವಳಿಗೇ ಆಘಾತ ಹೆಚ್ಚು. ಬೆನ್ನಿಗೆ ಇಂಜೆಕ್ಷನ್, ಎದೆಯಿಂದ ಕೆಳಗೆ ಮರಗಟ್ಟುವುದು, ಎಳೆದಾಟ ಗೊತ್ತಾಗುತ್ತದೆ ಆದರೆ ಕೊಯ್ದ ನೋವಿಲ್ಲ, ಐದು ಹತ್ತು ನಿಮಿಷದಲ್ಲಿ ಮಗು ಹೊರಗೆ, ಹೊಲಿಗೆ ಮುಗಿಯಲು ಇನ್ನೊಂದು ಅರ್ಧ ಗಂಟೆ. ಇಷ್ಟು ತಿಳಿದಿದ್ದರೆ ಟ್ರಾಲಿ ಹತ್ತುವಾಗ ಕಾಲು ನಡುಗುವುದು ಕಡಿಮೆಯಾಗುತ್ತದೆ.

ಸಾವಿನ ಭಯ ಕೊನೆಗೆ ಬಂದರೂ ಹಲವರಿಗೆ ಅದೇ ಮೊದಲನೆಯದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಓದಿದ ಬಸುರಿಗೆ "ಹಾಗೆಲ್ಲ ಯೋಚಿಸಬೇಡ" ಅನ್ನುವುದು ಅವಳನ್ನು ಮಗುವೆಂದು ಎಣಿಸಿದ ಹಾಗೆ. ಅಂಕಿ ಮುಂದಿಡುವುದು ಮೇಲು: ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿದಿದೆ. ಉಳಿದ ಸಾವುಗಳಿಗೆ ಮುಖ್ಯ ಕಾರಣಗಳು ರಕ್ತಸ್ರಾವ, ಬಿಪಿ ಏರಿ ಫಿಟ್ಸ್ ಬರುವುದು, ಸೋಂಕು. ಇವುಗಳಲ್ಲಿ ಮೊದಲೇ ಮಾಡಬಹುದಾದದ್ದು ಬಹಳ ಇದೆ. ಮಗು ಹೊರಬಂದ ಕೂಡಲೇ ಗರ್ಭಕೋಶ ಗಟ್ಟಿಯಾಗಲು 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ. ಆದರೆ ಹಿಮೋಗ್ಲೋಬಿನ್ 8 ಇರುವವಳಿಗೆ ತಡೆದುಕೊಳ್ಳಲಾಗದ ರಕ್ತನಷ್ಟವನ್ನು 11 ಇರುವವಳು ತಡೆದುಕೊಳ್ಳುತ್ತಾಳೆ. ಸಾವಿಗೆ ಹೆದರುವವಳು ಮಾಡಬಹುದಾದ ದೊಡ್ಡ ಕೆಲಸ ಕಬ್ಬಿಣದ ಮಾತ್ರೆ ತಪ್ಪಿಸದಿರುವುದು, ಅದನ್ನು ಕಾಫಿ ಟೀ ಜೊತೆ ನುಂಗದಿರುವುದು. ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂದು ಊಟ ಕಡಿಮೆ ಮಾಡಿಸುವ ಮನೆಗಳು ಈಗಲೂ ಇವೆ. ಅದರಿಂದ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ, ಅಷ್ಟೇ. ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ರಕ್ತ ಹೋಗುವುದು, ಹಸಿರು ಅಥವಾ ಕಂದು ನೀರು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವ ತನಕ ಕಾಯಬಾರದು. ಇವೇನೂ ಇಲ್ಲದೆ ಬರೀ ಬೇನೆ ಇದ್ದರೆ, ಆಸ್ಪತ್ರೆ ಹತ್ತಿರವಿದ್ದರೆ, ಐದು ನಿಮಿಷಕ್ಕೊಂದರಂತೆ ಒಂದೊಂದು ನಿಮಿಷದ ಬೇನೆ ಒಂದು ಗಂಟೆ ಬರುವ ತನಕ ಮನೆಯಲ್ಲಿರಬಹುದು.

ಇಷ್ಟೆಲ್ಲ ತಿಳಿದರೂ ಇಳಿಯದ ಭಯ ಒಂದಿದೆ. 2000ದಲ್ಲಿ ಬ್ರಿಟನ್ನಿನ ಇಬ್ಬರು ಮನೋವೈದ್ಯರು 26 ಹೆಂಗಸರ ಪ್ರಕರಣಗಳನ್ನು ವಿವರಿಸಿ ಇದಕ್ಕೆ ಟೋಕೋಫೋಬಿಯಾ ಎಂದು ಹೆಸರಿಟ್ಟರು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿದ 2017ರ ವಿಶ್ಲೇಷಣೆಯಲ್ಲಿ ತೀವ್ರ ಹೆರಿಗೆ ಭಯ ಶೇ. 14ರಷ್ಟು ಬಸುರಿಯರಲ್ಲಿ ಕಂಡಿತು. ಹೆರಿಗೆಯ ಕನಸು ಬಿದ್ದು ದಿನವೂ ಬೆಚ್ಚಿ ಏಳುವುದು, ತಪಾಸಣೆಯ ದಿನ ಬಂದರೆ ನೆಪ ಹೇಳಿ ತಪ್ಪಿಸುವುದು, ಎದೆ ಹೊಡೆದುಕೊಂಡು ಉಸಿರು ಕಟ್ಟುವುದು, ಹೊಟ್ಟೆಯ ಕಡೆ ನೋಡಲೂ ಆಗದಿರುವುದು ಎರಡು ವಾರ ಮೀರಿ ನಡೆದರೆ ಅದಕ್ಕೆ ಚಿಕಿತ್ಸೆ ಬೇಕು. ಯೋಚನೆಯ ಜಾಡು ಬದಲಿಸುವ ಮಾತಿನ ಚಿಕಿತ್ಸೆ ಇದೆ. ಬಸುರಿನಲ್ಲೂ ಕೊಡಬಹುದಾದ ಔಷಧಿಗಳಿವೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಿ ಎಂದು ತಿಳಿದ ದಿನವೇ ತಾವಾಗಿ ನಿಲ್ಲಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದೇ ವಿಭಾಗವಿದೆ, ತಾಯಿ ಮಗು ಒಟ್ಟಿಗೆ ಉಳಿಯುವ ವಾರ್ಡ್ 2009ರಿಂದ ನಡೆಯುತ್ತಿದೆ.

ಹೆರಿಗೆ ಅಂದುಕೊಂಡಂತೆ ಆಗದಿದ್ದರೆ "ತಾಯಿ ಮಗು ಕ್ಷೇಮ, ಇನ್ನೇನು ಬೇಕು" ಎಂದು ಮುಚ್ಚಿಹಾಕುವುದರಿಂದಲೇ ಎರಡನೇ ಬಸುರಿನ ಹೊತ್ತಿಗೆ ಭಯ ಇಮ್ಮಡಿಸುವುದು. ಆರನೇ ವಾರದ ತಪಾಸಣೆಗೆ ಹೋದಾಗ ಡಾಕ್ಟರನ್ನು ಕೂರಿಸಿ ಕೇಳಿ: ಸಿಸೇರಿಯನ್ ಯಾಕೆ ಮಾಡಿದಿರಿ, ಎಷ್ಟು ಸೆಂಟಿಮೀಟರ್ ಆಗಿತ್ತು, ಮುಂದಿನ ಸಲವೂ ಹೀಗೇ ಆಗುತ್ತದಾ. ಉತ್ತರವನ್ನು ಡಿಸ್ಚಾರ್ಜ್ ಕಾರ್ಡಿನ ಹಿಂದೆ ಬರೆದುಕೊಂಡು, ಆ ಕಾರ್ಡನ್ನು ತಾಯಿ ಕಾರ್ಡಿನ ಜೊತೆಗೇ ಎತ್ತಿಡಿ. ಮುಂದಿನ ಬಸುರಿನಲ್ಲಿ ಡಾಕ್ಟರ್ ಕೇಳುವ ಮೊದಲ ಕಾಗದ ಅದೇ.